ಐದು ಮನೆ ಶ್ರುತಿ

ಮಕ್ಕಳಿಗೆ ಸ್ವರ ಬರೆದುಕೊಡುವ ಕೆಲಸ ನನಗೆ ಸಿಕ್ಕಿದ್ದು ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ. ಬೇರೆ ಯಾವ ಅರ್ಹತೆಯೂ ಆಗ ನನ್ನಲ್ಲಿ ಉಳಿದಿರಲಿಲ್ಲ. ಚಿಂತಾಮಣಿಗೆ ಮದುವೆಯಾಗಿ ಹೋದವಳು ಒಂದೂವರೆ ವರ್ಷಕ್ಕೆ ಒಂದು ಸೂಟ್‌ಕೇಸು ಹಿಡಿದುಕೊಂಡು ಚಿಕ್ಕಬಳ್ಳಾಪುರದ ತವರಿಗೆ ವಾಪಸ್ಸು ಬಂದಿದ್ದೆ. ಹೊಡೆತ ಬಡಿತ ಏನೂ ಇರಲಿಲ್ಲ. ಅವರಿಗೆ ನಾನು ಬೇಕಾಗಿರಲಿಲ್ಲ, ನನಗೂ ಅವರು ಬೇಕಾಗಿರಲಿಲ್ಲ. ಇಬ್ಬರೂ ಮರ್ಯಾದಸ್ಥರಾದ್ದರಿಂದ ಅದನ್ನು ಬಾಯಿಬಿಟ್ಟು ಹೇಳಲು ಅಷ್ಟು ದಿನ ಹಿಡಿಯಿತು. ನೆಂಟರು ಬಂದು ನನ್ನ ಜೊತೆ ಅಳಲು ತಯಾರಾಗಿ ಕೂತರು. ನನಗೆ ಅಳು ಬರಲಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೂ ತಿಳಿಯುವುದಿಲ್ಲವಲ್ಲ, ನನಗೆ ಮೈಯೆಲ್ಲ ಹಾಗಾಗಿತ್ತು. ಬಂದವರು ಕಾಫಿ ಕುಡಿದು, ಸ್ವಲ್ಪ ಬೇಜಾರು ಮಾಡಿಕೊಂಡು ಎದ್ದು ಹೋದರು.

ಮನೆಯವರು ನನ್ನ ವಿಷಯ ಎತ್ತುವುದನ್ನು ಬಿಟ್ಟ ಸುಮಾರಿಗೆ ನನ್ನ ಸಂಗೀತದ ಮಿಸ್ಸು ಹೇಳಿ ಕಳಿಸಿದರು. ಹೈಸ್ಕೂಲಿನಲ್ಲಿ ಸಂಗೀತ ಹೇಳಿಕೊಟ್ಟು ರಿಟೈರಾಗಿದ್ದವರು. ಆಗ ಅವರಿಗೆ ಅರವತ್ತೆಂಟು ದಾಟಿತ್ತು. ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಹಾಲು, ಒಂದು ರೂಮು, ಒಂದು ಅಡುಗೆಮನೆಯಲ್ಲಿ ಒಬ್ಬರೇ ಇದ್ದರು. ಒಂಟಿಯಾಗಿರುವುದನ್ನು ಯಾರಾದರೂ ಮರುಕದಿಂದ ಕೇಳಿದರೆ ಅವರಿಗೆ ಕೋಪ ಬರುತ್ತಿತ್ತು. ನಾನು ಎಂಟನೇ ವಯಸ್ಸಿನಿಂದ ಮದುವೆಯ ಹಿಂದಿನ ವಾರದವರೆಗೆ ಅವರ ಹತ್ತಿರ ಕಲಿತವಳು, ಸೀನಿಯರ್ ಪರೀಕ್ಷೆ ಪಾಸು ಮಾಡಿದವಳು. ವಾಪಸ್ಸು ಬಂದ ಮೇಲೆ ಒಂದು ಸಾಲೂ ಹಾಡಿರಲಿಲ್ಲ.

"ಏನಮ್ಮ, ಮನೇಲಿ ಸುಮ್ನೆ ಕೂತಿದೀಯಂತೆ" ಎಂದರು. "ಸುಮ್ನೆ ಕೂರೋದಾದ್ರೆ ಇಲ್ಲೇ ಬಂದು ಕೂತ್ಕೋ, ಕೈಯಲ್ಲಿ ಒಂದು ಪೆನ್ನಿರ್ಲಿ."

"ಹಾಡ್ಬೇಕಾ ಮಿಸ್?" ಎಂದೆ.

"ಹಾಡು ಅಂದ್ನಾ? ಬರಿ ಅಂದೆ" ಎಂದರು.

ಅವರ ಹತ್ತಿರ ಶನಿವಾರ, ಭಾನುವಾರ ಹದಿನೆಂಟು ಮಕ್ಕಳು ಬರುತ್ತಿದ್ದರು. ಒಬ್ಬೊಬ್ಬರಿಗೇ ಪಾಠ ಹೇಳುವ ತ್ರಾಣ ಹೋಗಿದ್ದರಿಂದ ಎಲ್ಲರನ್ನೂ ಸೇರಿಸಿ ಗೋಷ್ಠಿಗಾಯನ ಕಲಿಸುತ್ತಿದ್ದರು. ದೊಡ್ಡವರ ಕೀರ್ತನೆಗಳನ್ನು ಮಕ್ಕಳ ಬಾಯಿಗೆ ತುರುಕುವುದು ಅವರಿಗೆ ಇಷ್ಟವಿರಲಿಲ್ಲ. ಅದಕ್ಕೆ ತಾವೇ ರಾಗ, ತಾಳ ಹಾಕಿ ಹಾಡು ಕಟ್ಟಿದ್ದರು. ಕಡಲೆಕಾಯಿ ಸುಲಿಯುವ ಹಾಡು, ಮೊದಲ ಬಸ್ಸಿನ ಹಾಡು, ಅಕ್ಕ ತಂಗಿ ಜಗಳದ ಹಾಡು, ಹೀಗೆ ಇಪ್ಪತ್ತೋ ಮೂವತ್ತೋ. ಎಲ್ಲವೂ ಕಾಯದೆ ಪ್ರಕಾರ ಪಲ್ಲವಿ, ಚರಣ, ಆದಿತಾಳ. ಆದರೆ ಎಲ್ಲವೂ ಅವರ ತಲೆಯೊಳಗಿದ್ದವು. ಕಣ್ಣಿನ ಪೊರೆ ತೆಗೆಸಿದ ಮೇಲೂ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ, ಕೈ ನಡುಗುತ್ತಿತ್ತು. ಅವರು ಕುರ್ಚಿಯಲ್ಲಿ ಕೂತು ಒಂದೊಂದೇ ಸಾಲು ಹಾಡುವುದು, ನಾನು ಚಾಪೆಯ ಮೇಲೆ ಕೂತು ಬರೆಯುವುದು ಎಂದಾಯಿತು.

ಮೇಲಿನ ಸಾಲಿನಲ್ಲಿ ಸ್ವರ, ಕೆಳಗೆ ಸಾಹಿತ್ಯ, ತಾಳಕ್ಕೆ ತಕ್ಕಂತೆ ಉದ್ದ ಗೀಟು. ಸ್ವರ ಎಳೆದರೆ ಅಲ್ಪವಿರಾಮ. ಮೇಲಿನ ಸ್ಥಾಯಿಗೆ ಹೋದರೆ ಅಕ್ಷರದ ತಲೆಯ ಮೇಲೆ ಒಂದು ಚುಕ್ಕೆ, ಕೆಳಗಿಳಿದರೆ ಕಾಲಡಿಯಲ್ಲಿ ಒಂದು ಚುಕ್ಕೆ. ಹಾಳೆಯನ್ನು ಬಜಾರಿನ ಜೆರಾಕ್ಸ್ ಅಂಗಡಿಗೆ ಕೊಟ್ಟರೆ ಅಲ್ಲಿನ ಯಂತ್ರ ಚುಕ್ಕೆಗಳನ್ನು ನುಂಗಿ ಹಾಕುತ್ತಿತ್ತು. ಮನೆಗೆ ತಂದು ಹದಿನೆಂಟು ಪ್ರತಿಗೂ ಪೆನ್ನಿನಲ್ಲಿ ಮತ್ತೆ ಚುಕ್ಕೆ ಇಡುತ್ತಿದ್ದೆ. ಗಂಟೆಗಟ್ಟಲೆ ಚುಕ್ಕೆ ಇಡುವ ಕೆಲಸ ನನಗೆ ಹೇಳಿ ಮಾಡಿಸಿದಂತಿತ್ತು. ಅದಕ್ಕೆ ಮನಸ್ಸು ಬೇಕಾಗಿರಲಿಲ್ಲ.

ಹಾಳೆಯ ಬಲಮೂಲೆಯಲ್ಲಿ ಪ್ರತಿ ಸಲವೂ "ಶ್ರುತಿ: ಐದು" ಎಂದು ಬರೆಯಬೇಕಿತ್ತು. ಹಾಡುವವರಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಸ್ವರದ ಹಾಳೆಯಲ್ಲಿ 'ಸ' ಎಂದು ಬರೆದರೆ ಆ 'ಸ' ಎಷ್ಟು ಎತ್ತರದಲ್ಲಿ ಶುರುವಾಗಬೇಕು ಎಂದು ಹಾಳೆ ಹೇಳುವುದಿಲ್ಲ. ಅದನ್ನು ಹಾಡುವವರು ತಮ್ಮ ಗಂಟಲಿಗೆ ತಕ್ಕಂತೆ ಇಟ್ಟುಕೊಳ್ಳುತ್ತಾರೆ. ಹಾರ್ಮೋನಿಯಂನ ಬಿಳಿ ಮನೆಗಳನ್ನು ಎಣಿಸಿ ಅದಕ್ಕೆ ಲೆಕ್ಕ ಹೇಳುವುದು ರೂಢಿ. ಒಂದನೇ ಮನೆ ತಗ್ಗು, ಐದನೇ ಮನೆ ಎತ್ತರ. ಮಿಸ್ಸಿನದು ಮೊದಲಿನಿಂದಲೂ ಐದು ಮನೆ ಶ್ರುತಿ. ಅದು ಅವರಿಗೆ ಬರೀ ಅಳತೆಯಾಗಿರಲಿಲ್ಲ.

"ಕಣ್ಣು ಹೋಯ್ತು, ಹೋಗ್ಲಿ. ಮಂಡಿ ಹೋಯ್ತು, ಹೋಗ್ಲಿ" ಎನ್ನುತ್ತಿದ್ದರು. "ಐದು ಮನೇಲಿ ಹಾಡೋಕೆ ಆಗ್ದೇ ಇರೋ ದಿನ ಮಕ್ಕಳನ್ನ ಮನೆಗೆ ಕಳಿಸಿ ಬಾಗಿಲು ಹಾಕ್ಕೋತೀನಿ."

ಅವರು ಮಾತಿಗೆ ಹೇಳುವವರಲ್ಲ. ಆ ಹದಿನೆಂಟು ಮಕ್ಕಳು ಬರುವುದು ನಿಂತರೆ ಅವರಿಗೆ ದಿನದಲ್ಲಿ ಮಾಡಲು ಏನಿತ್ತು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಆ ವರ್ಷದ ಯುಗಾದಿಯ ಹೊತ್ತಿಗೆ ಅವರ ದನಿ ಇಳಿಯತೊಡಗಿತು. ಮೇಲಿನ 'ಸ' ಮುಟ್ಟುವಾಗ ಗಂಟಲಲ್ಲಿ ಗಾಳಿ ಸೇರುತ್ತಿತ್ತು. ಅವರು ಕೆಮ್ಮಿ, ನೀರು ಕುಡಿದು, ಧೂಳನ್ನು ಬೈದು ಮತ್ತೆ ಹಾಡುತ್ತಿದ್ದರು. ಶ್ರುತಿಪೆಟ್ಟಿಗೆ ನನ್ನ ಪಕ್ಕದಲ್ಲಿ ಚಾಪೆಯ ಮೇಲಿರುತ್ತಿತ್ತು. ಕರೆಂಟಿನದು, ಟ್ರಾನ್ಸಿಸ್ಟರ್ ಗಾತ್ರದ್ದು. ಒಂದು ತಿರುಪು ಸದ್ದಿಗೆ, ಇನ್ನೊಂದು ಶ್ರುತಿಗೆ. ಒಂದು ಮಧ್ಯಾಹ್ನ ಅವರು ನೀರು ಕುಡಿಯಲು ಒಳಗೆ ಹೋದಾಗ ನಾನು ಎರಡನೆಯ ತಿರುಪನ್ನು ಒಂದು ಕೂದಲೆಳೆಯಷ್ಟು ಕೆಳಗೆ ತಿರುಗಿಸಿದೆ. ಅವರು ಬಂದು ಕೂತು ಹಾಡಿದರು. ಮೇಲಿನ 'ಸ' ನಿಂತಿತು.

"ನೋಡ್ದಾ, ನೀರು ಕುಡಿದ್ರೆ ಸಾಕು" ಎಂದರು.

ಒಂದು ಶ್ರುತಿ ಹಿಡಿದ ಮೇಲೆ ಅದರೊಳಗೆ ಯಾರಾದರೂ ಎಳ್ಳಷ್ಟು ತಪ್ಪಿದರೂ ಅವರ ಹುಬ್ಬು ಗಂಟಾಗುತ್ತಿತ್ತು. ಆದರೆ ಆ ಶ್ರುತಿಯೇ ನಿನ್ನೆಗಿಂತ ಎಷ್ಟು ಇಳಿದಿದೆ ಎಂದು ಬರೀ ಕಿವಿಯಿಂದ ಹೇಳಬಲ್ಲವರು ನಮ್ಮಲ್ಲಿ ಅಪರೂಪ. ಹಾಡುವವರು ಪೆಟ್ಟಿಗೆಯನ್ನು ನಂಬುತ್ತಾರೆ. ತಿರುಪಿನ ಸುತ್ತ ಬರೆದಿದ್ದ ಅಂಕಿಗಳು ಅವರ ಕಣ್ಣಿಗೆ ಕಾಣುತ್ತಿರಲಿಲ್ಲ. ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ನಾನು ಇನ್ನೊಂದು ಚೂರು ಇಳಿಸುತ್ತ ಹೋದೆ. ಶ್ರಾವಣ ಬರುವ ಹೊತ್ತಿಗೆ ಪೆಟ್ಟಿಗೆ ನಾಲ್ಕನೇ ಮನೆಗೆ ಬಂದು ಕೂತಿತ್ತು. ಹಾಳೆಯ ಮೂಲೆಯಲ್ಲಿ ನಾನು ಐದು ಎಂದೇ ದುಂಡಗೆ ಬರೆಯುತ್ತಿದ್ದೆ. ಕರುಣೆಯಿಂದ ಮಾಡಿದೆ ಎಂದು ಹೇಳಿಕೊಂಡರೆ ಕೇಳಲು ಚೆನ್ನಾಗಿರುತ್ತದೆ. ಅವರು ನೊಂದುಕೊಂಡರೆ ಎದುರು ಕೂತು ಸಮಾಧಾನ ಮಾಡಬೇಕಾಗುತ್ತದಲ್ಲ, ಆ ಕೆಲಸ ನನ್ನಿಂದ ಆಗದು ಎಂಬುದು ಹೆಚ್ಚು ನಿಜ.

ಚಿಕ್ಕಬಳ್ಳಾಪುರ ಜಿಲ್ಲೆಯಾಗಿ ಇನ್ನೂ ಹೊಸತು. ಹೊಸ ಜಿಲ್ಲೆ ಎಂದರೆ ಎಲ್ಲದಕ್ಕೂ ಜಿಲ್ಲಾ ಮಟ್ಟದ ಒಂದು ಸ್ಪರ್ಧೆ. ಮಕ್ಕಳ ಗೋಷ್ಠಿಗಾಯನಕ್ಕೂ ಒಂದು ಸ್ಪರ್ಧೆ ಚಿಂತಾಮಣಿಯಲ್ಲಿ ನಡೆಯುತ್ತದೆ ಎಂದು ತಿಳಿದಾಗ ಮಿಸ್ಸು ರೇಷ್ಮೆಹುಳದ ಹಾಡನ್ನು ಆರಿಸಿದರು. ಮೋಹನ ರಾಗದ್ದು. ನಮ್ಮ ಕಡೆ ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ ಮಲಗಿ, ಪೊರೆ ಕಳಚಿ ಏಳುವುದಕ್ಕೆ ಜ್ವರ ಎನ್ನುತ್ತಾರೆ. ಹಾಡಿನಲ್ಲಿ ನಾಲ್ಕು ಜ್ವರಕ್ಕೆ ನಾಲ್ಕು ಚರಣ. ಒಂದೊಂದು ಜ್ವರ ಎದ್ದಾಗಲೂ ಹಾಡು ಒಂದೊಂದು ಮೆಟ್ಟಿಲು ಏರುತ್ತಿತ್ತು. ಕೊನೆಗೆ ಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಹತ್ತುವ ಎರಡು ಸಾಲು. ಆ ಎರಡು ಸಾಲನ್ನು ಒಬ್ಬರೇ ಹಾಡಬೇಕು, ಮಿಕ್ಕವರು ಆಮೇಲೆ ಸೇರಿಕೊಳ್ಳಬೇಕು.

ಆ ಎರಡು ಸಾಲಿಗೆ ಅವರು ಆರಿಸಿದ್ದು ಶಿಡ್ಲಘಟ್ಟದ ಹುಡುಗಿಯನ್ನು. ಹನ್ನೊಂದು ವರ್ಷ. ಅಪ್ಪನದು ಮನೆಯ ಹಿಂದೆಯೇ ನೂಲು ಬಿಚ್ಚುವ ರೀಲಿಂಗ್ ಕೆಲಸ. ಅಮ್ಮ ಅವಳನ್ನು ಬಸ್ಸಿನಲ್ಲಿ ಕರೆತಂದು, ಪಾಠ ಮುಗಿಯುವವರೆಗೆ ಹೊರಗೆ ಜಗುಲಿಯ ಮೇಲೆ ಕೂತು ಅವರೆಕಾಯಿಯೋ ತೊಗರಿಕಾಯಿಯೋ ಸುಲಿಯುತ್ತಿದ್ದರು. ಮನೆಮಾತು ತೆಲುಗು. ಹುಡುಗಿ ಹೆಚ್ಚು ಮಾತಾಡುತ್ತಿರಲಿಲ್ಲ. ಹಾಡು ಎಂದರೆ ಮಾತ್ರ ಭಯವಿಲ್ಲದೆ ಬಾಯಿಬಿಟ್ಟು ಹಾಡುತ್ತಿದ್ದಳು. ಮಿಸ್ಸು ಅವಳನ್ನು ಹೊಗಳುತ್ತಿರಲಿಲ್ಲ. ಅವಳು ಹಾಡುವಾಗ ತಾಳ ಹಾಕುವ ಕೈ ಒಂದಿಷ್ಟು ಮೃದುವಾಗುತ್ತಿತ್ತು, ಅಷ್ಟೇ.

ಮೊದಲು ಆ ಸಾಲುಗಳು ಮೇಲಿನ ಗಾಂಧಾರಕ್ಕೆ, ಅಂದರೆ ತಲೆಯ ಮೇಲೆ ಚುಕ್ಕೆಯಿರುವ 'ಗ'ಕ್ಕೆ, ಹೋಗಿ ಹಿಂದಿರುಗುತ್ತಿದ್ದವು. ಪೆಟ್ಟಿಗೆ ತಗ್ಗಿನಲ್ಲಿದ್ದುದರಿಂದ ಹುಡುಗಿಗೆ ಅದು ನೀರು ಕುಡಿದಷ್ಟು ಸಲೀಸಾಗಿತ್ತು. ಮಿಸ್ಸಿಗೆ ಆಸೆ ಹುಟ್ಟಿತು. "ಐದು ಮನೇಲಿ ಇಷ್ಟು ಸಲೀಸಾಗಿ ಗಾಂಧಾರ ಮುಟ್ತಾಳೆ ಅಂದ್ರೆ ಪಂಚಮಕ್ಕೂ ಹೋಗ್ತಾಳೆ ಕಣೇ" ಎಂದು ಆ ಸಾಲನ್ನು ಇನ್ನೂ ಮೇಲಕ್ಕೆ ಏರಿಸಿದರು. "ಹುಳು ಚಂದ್ರಿಕೆ ತುದಿಗೇ ಹೋಗ್ಲಿ." ನಾನು 'ಪ' ಬರೆದು ಅದರ ತಲೆಯ ಮೇಲೆ ಚುಕ್ಕೆ ಇಟ್ಟೆ. ನಾಲ್ಕರಲ್ಲಿ ಅದು ಆ ಹುಡುಗಿಯ ಗಂಟಲಿನ ಕಟ್ಟಕಡೆ ಎಂದು ನನಗೆ ಕೇಳುತ್ತಿತ್ತು. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಚಿಂತಾಮಣಿಗೆ ನಾನೂ ಹೋದೆ. ನಾನು ಸಂಸಾರ ಮಾಡಿದ ಬೀದಿಯ ತಿರುವು ಬಸ್ಸಿನ ಕಿಟಕಿಯಲ್ಲಿ ಬಂದು ಹೋಯಿತು. ಅಲ್ಲೊಂದು ಹೊಸ ಬೇಕರಿ ಆಗಿತ್ತು. ಅದನ್ನು ಗಮನಿಸಿದ್ದು ಬಿಟ್ಟರೆ ನನಗೆ ಏನೂ ಅನ್ನಿಸಲಿಲ್ಲ. ಸ್ಪರ್ಧೆಯ ಹಾಲಿನಲ್ಲಿ ನಮ್ಮ ಪೆಟ್ಟಿಗೆಯನ್ನು ಬಳಸುವಂತಿಲ್ಲ ಎಂದರು. ಎಲ್ಲ ತಂಡಗಳಿಗೂ ಅವರದೇ ಹಾರ್ಮೋನಿಯಂ. ಶ್ರುತಿ ಎಷ್ಟು ಎಂದು ಒಂದು ಫಾರಂನಲ್ಲಿ ಬರೆದು, ತೀರ್ಪುಗಾರರಿಗೆ ಸ್ವರದ ಹಾಳೆಯ ಜೊತೆ ಕೊಡಬೇಕಿತ್ತು. ಮಿಸ್ಸು ನನ್ನ ಹೆಗಲ ಮೇಲೆ ಕೈಯೂರಿ ನಿಂತು "ಐದು ಅಂತ ಬರಿ" ಎಂದರು. ಬರೆದೆ. ಹಾರ್ಮೋನಿಯಂನವರ ಹತ್ತಿರ ಹೋಗಿ ನಾಲ್ಕು ಹಿಡಿಯಿರಿ ಎಂದು ಪಿಸುಗುಟ್ಟಲು ನನಗೆ ಕಾಲು ಗಂಟೆ ಸಮಯವಿತ್ತು. ಆ ಹೊತ್ತಿನಲ್ಲಿ ಗೌರಿಬಿದನೂರಿನ ಒಂದು ತಂಡ ಹಾಡುವುದನ್ನು ಕೇಳಿದೆ, ಮಕ್ಕಳ ಜಡೆಯ ರಿಬ್ಬನ್ ಸರಿಮಾಡಿದೆ. ಒಂದು ಮನೆ ತಾನೆ, ಹೇಗೋ ಆಗುತ್ತದೆ ಎಂದುಕೊಂಡೆ. ಇಷ್ಟು ವರ್ಷದ ಮೇಲೆ ಬರೆಯುವಾಗ ಅದನ್ನೂ ತಿದ್ದಿ ಹೇಳಬೇಕು. ಆಗದಿದ್ದರೂ ನನಗೇನು ಎಂದುಕೊಂಡಿದ್ದೆ.

ಮೂರು ಜ್ವರದವರೆಗೆ ಮಕ್ಕಳು ಚೆನ್ನಾಗಿಯೇ ಹಾಡಿದರು. ನಾಲ್ಕನೆಯದರಲ್ಲಿ ಕೆಲವರ ಕತ್ತಿನ ನರ ಎದ್ದಿತು. ಶಿಡ್ಲಘಟ್ಟದ ಹುಡುಗಿ ಒಂದು ಹೆಜ್ಜೆ ಮುಂದೆ ಬಂದು ತನ್ನ ಸಾಲು ಎತ್ತಿಕೊಂಡಳು. ಗಾಂಧಾರ ಬಂತು. ಪಂಚಮಕ್ಕೆ ಹೋಗುವಾಗ ಅವಳ ದನಿ ಹರಿದುಹೋಯಿತು. ಬಟ್ಟೆ ಹರಿದರೆ ಬರುವಂಥದ್ದೇ ಸದ್ದು. ಮುಂದೆ ಕೂತಿದ್ದ ಕೆಲವು ಮಕ್ಕಳು ಕಿಸಕ್ಕೆಂದರು. ಅವಳು ಮತ್ತೆ ಪ್ರಯತ್ನಿಸಿದಳು, ಮತ್ತೆ ಅದೇ ಆಯಿತು. ಹಿಂದಿದ್ದವರಿಗೆ ಎಲ್ಲಿ ಸೇರಿಕೊಳ್ಳಬೇಕೆಂದು ತಿಳಿಯದೆ ಹಾಡು ಅರ್ಧಕ್ಕೇ ನಿಂತಿತು. ಹಾರ್ಮೋನಿಯಂ ಒಂದೇ ಐದನೇ ಮನೆಯನ್ನು ಹಿಡಿದುಕೊಂಡು ಇನ್ನೂ ಸ್ವಲ್ಪ ಹೊತ್ತು ಕೂಗುತ್ತಿತ್ತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಿಸ್ಸು ಕಿಟಕಿ ಪಕ್ಕ ಒಬ್ಬರೇ ಕೂತರು. ಹುಡುಗಿ ಅಮ್ಮನ ಪಕ್ಕ ಕೂತು ನೆಟ್ಟಗೆ ಮುಂದಿನ ಸೀಟನ್ನು ನೋಡುತ್ತಿದ್ದಳು. ಅಮ್ಮ ಅವಳಿಗೆ ತೆಲುಗಿನಲ್ಲಿ ಏನೋ ಹೇಳಿದರು. ಬೈದಂತಿರಲಿಲ್ಲ, ಸಮಾಧಾನ ಮಾಡಿದಂತೆಯೂ ಇರಲಿಲ್ಲ.

ಮುಂದಿನ ಭಾನುವಾರ ಪಾಠಕ್ಕೆ ಮೊದಲು ಮಿಸ್ಸು ಹುಡುಗಿಯನ್ನು ಹತ್ತಿರ ಕರೆದರು. ದನಿ ಏರಿಸಲಿಲ್ಲ. ಅವರು ಮಕ್ಕಳಿಗೆ ಕೂಗಾಡುವವರಲ್ಲ.

"ಮನೇಲಿ ಸಾಧನೆ ಮಾಡ್ತಿಲ್ಲ ಅಲ್ವಾಮ್ಮ" ಎಂದರು.

"ಮಾಡ್ತೀನಿ ಮಿಸ್" ಎಂದಳು.

"ಮಾಡಿದ್ರೆ ಹಂಗಾಗ್ತಿರ್ಲಿಲ್ಲ. ಇಲ್ಲಿ ಸಲೀಸಾಗಿ ಹಾಡೋಳು ಅಲ್ಲಿ ಯಾಕೆ ಕಿರುಚಿದೆ? ಸ್ವಲ್ಪ ದಿನ ಆ ಎರಡು ಸಾಲು ಬೇರೆಯವ್ರು ಹಾಡ್ಲಿ, ನೀನು ಮರೀದಂಗೆ ಜೊತೆಗೆ ಬಾಯಿ ಮಾತ್ರ ಆಡ್ಸು."

ಗೋಷ್ಠಿಗಾಯನ ಕಲಿಸುವವರೆಲ್ಲ ಮಾಡುವ ಉಪಾಯ ಇದು. ಶ್ರುತಿ ತಪ್ಪುವ ಮಗುವನ್ನು ಸಾಲಿನಿಂದ ತೆಗೆದರೆ ತಂದೆತಾಯಿ ಜಗಳಕ್ಕೆ ಬರುತ್ತಾರೆ. ತೆಗೆಯದಿದ್ದರೆ ಹಾಡು ಕೆಡುತ್ತದೆ. ಅದಕ್ಕೇ ದನಿ ಬಿಡದೆ ತುಟಿ ಆಡಿಸು ಎನ್ನುತ್ತಾರೆ. ನಮ್ಮ ಕಡೆಯ ಶಾಲೆಗಳ ವಾರ್ಷಿಕೋತ್ಸವದಲ್ಲಿ ಪ್ರಾರ್ಥನೆಗೆ ನಿಲ್ಲುವವರಲ್ಲಿ ಮೂರನೆಯ ಒಂದು ಪಾಲು ಹೀಗೆ ತುಟಿ ಆಡಿಸುವವರೇ ಇರುತ್ತಾರೆ, ಫೋಟೋದಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿರುವಂತೆ ಕಾಣುವವರೂ ಅವರೇ. ಯಾರು ಎಲ್ಲಿ ಸುಮ್ಮನಿರಬೇಕೆಂದು ಮರೆಯದಿರಲಿ ಎಂದು ಆಯಾ ಮಗುವಿನ ಹಾಳೆಯಲ್ಲಿ ಪೆನ್ಸಿಲ್ಲಿನಲ್ಲಿ ಆವರಣ ಹಾಕಿಡುವುದು ನನ್ನ ಕೆಲಸಗಳಲ್ಲೊಂದಾಗಿತ್ತು. ಹುಡುಗಿ ತನ್ನ ಪ್ಲಾಸ್ಟಿಕ್ ಫೈಲಿನಿಂದ ಹಾಳೆ ತೆಗೆದು ನನ್ನ ಮುಂದೆ ಹಿಡಿದಳು. ಚಂದ್ರಿಕೆಯ ಎರಡು ಸಾಲಿನ ಆಚೆ ಒಂದು, ಈಚೆ ಒಂದು ಗೆರೆ ಎಳೆದುಕೊಟ್ಟೆ.

"ಥ್ಯಾಂಕ್ಸ್ ಅಕ್ಕ" ಎಂದಳು. ಮಕ್ಕಳಿಗೆ ಎಲ್ಲದಕ್ಕೂ ಥ್ಯಾಂಕ್ಸ್ ಹೇಳಬೇಕೆಂದು ಶಾಲೆಯಲ್ಲಿ ಕಲಿಸಿದ್ದರು.

ಆ ಸಾಲನ್ನು ಮಿಸ್ಸು ಬೇರೊಬ್ಬ ಹುಡುಗಿಗೆ ಕೊಟ್ಟರು. ನಾಲ್ಕನೇ ಮನೆಯಲ್ಲಿದ್ದ ಪೆಟ್ಟಿಗೆಯ ಜೊತೆ ಆ ಹುಡುಗಿ ಪಂಚಮವನ್ನು ತೇಲಿಕೊಂಡು ಮುಟ್ಟಿದಳು. "ನೋಡು, ಅವಳಿಗೆ ಆಯ್ತಲ್ಲ" ಎಂದು ಮಿಸ್ಸು ಶಿಡ್ಲಘಟ್ಟದ ಹುಡುಗಿಗೆ ಹೇಳಿದರು. ಅದರಲ್ಲಿ ವ್ಯಂಗ್ಯವೇನೂ ಇರಲಿಲ್ಲ, ಕಲಿಯಲಿ ಎಂದೇ ಹೇಳಿದ್ದು. ಹುಡುಗಿ ತಲೆಯಾಡಿಸಿದಳು. ಅವಳಿಗೂ ಅದರಲ್ಲಿ ಅನುಮಾನವಿರಲಿಲ್ಲ. ತಪ್ಪು ತನ್ನ ಗಂಟಲಿನದೇ ಎಂದು ಅವಳಿಗೆ ರುಜುವಾತಾಗಿ ಹೋಯಿತು.

ನಾನು ಎಷ್ಟು ಭಾನುವಾರ ಸುಮ್ಮನಿದ್ದೆ ಎಂದು ನೆನಪಿಲ್ಲ. ದಸರಾ ರಜೆ ಕಳೆದಿತ್ತು, ದೀಪಾವಳಿ ಕಳೆದಿತ್ತು. ಹೇಳಿದರೆ ಮಿಸ್ಸಿನ ಬಾಗಿಲು ಮುಚ್ಚುತ್ತದೆ. ಹೇಳದಿದ್ದರೆ ಈ ಹುಡುಗಿ ಸುಮ್ಮನಿರುತ್ತಾಳೆ. ಎರಡನ್ನೂ ತೂಗಿ ನೋಡುವವಳಂತೆ ಕೂತಿರುತ್ತಿದ್ದೆ. ನಿಜಕ್ಕೂ ತಕ್ಕಡಿ ಎತ್ತುವ ಶ್ರಮವನ್ನೇ ನಾನು ತೆಗೆದುಕೊಂಡಿರಲಿಲ್ಲ. ಹುಡುಗಿ ಮಾತ್ರ ಪ್ರತಿ ವಾರ ಬರುತ್ತಿದ್ದಳು. ಆ ಎರಡು ಸಾಲು ಬಂದಾಗ ಒಂದು ಅಕ್ಷರವೂ ತಪ್ಪದಂತೆ ತುಟಿ ಆಡಿಸುತ್ತಿದ್ದಳು.

ಒಂದು ಮಂಗಳವಾರ ಮಧ್ಯಾಹ್ನ ಮಿಸ್ಸು ಹೊಸ ಹಾಡೊಂದನ್ನು ಬರೆಸುತ್ತ, ನಡುವೆ ನಿಲ್ಲಿಸಿ, "ಇದ್ರಲ್ಲೂ ಶಿಡ್ಲಘಟ್ಟದ ಮಗೂಗೆ ಮೇಲಿನ ಸಾಲಿಗೆಲ್ಲ ಆವರಣ ಹಾಕ್ಬಿಡು" ಎಂದರು. "ಆಸೆ ಇಟ್ಕೊಂಡಿದ್ದೆ. ಆ ಗಂಟಲು ಅಷ್ಟೇನೇ."

ಯಾಕೆ ಆಗಲೇ ಬಾಯಿ ಬಂತು ಎಂದು ನನಗೆ ಇವತ್ತಿಗೂ ತಿಳಿಯದು. ಧೈರ್ಯವಂತೂ ಅಲ್ಲ. ಪೆನ್ಸಿಲ್ಲು ಕೈಗೆ ತೆಗೆದುಕೊಂಡಿದ್ದೆ, ಕೆಳಗಿಟ್ಟೆ.

"ಪೆಟ್ಟಿಗೆ ಐದರಲ್ಲಿಲ್ಲ ಮಿಸ್" ಎಂದೆ. "ನಾಲ್ಕರಲ್ಲಿದೆ. ಯುಗಾದಿಯಿಂದ ನಾನೇ ಇಳಿಸ್ತಾ ಬಂದೆ. ಚಿಂತಾಮಣಿಯಲ್ಲಿ ಅವಳು ಐದರಲ್ಲಿ ಹಾಡ್ಬೇಕಾಯ್ತು. ಅವಳು ಐದರಲ್ಲಿ ಅದನ್ನ ಯಾವತ್ತೂ ಹಾಡೇ ಇರ್ಲಿಲ್ಲ."

ಅವರು ಪೆಟ್ಟಿಗೆಯ ಕಡೆ ತಿರುಗಿದರು. ಆಮೇಲೆ, "ಐದಕ್ಕಿಡು" ಎಂದರು. ತಿರುಪನ್ನು ಐದಕ್ಕೆ ತಿರುಗಿಸಿದೆ. ಪೆಟ್ಟಿಗೆಯ ದನಿ ತೆಳ್ಳಗಾಗಿ ಮೇಲೇರಿತು. ಅವರು ಕಣ್ಣು ಮುಚ್ಚಿ ಕೆಳಗಿನ 'ಸ'ದಿಂದ ಹೊರಟರು. 'ಪ' ದಾಟಿದರು, 'ಧ'ದಲ್ಲಿ ನಡುಗಿದರು, ಮೇಲಿನ 'ಸ' ಬರಲಿಲ್ಲ. ಬರೀ ಉಸಿರು ಬಂತು. ಇನ್ನೊಮ್ಮೆ ಹಾಡಿ ನೋಡಲಿಲ್ಲ. ನೀರನ್ನೂ ಕೇಳಲಿಲ್ಲ.

"ಆರಿಸು ಅದನ್ನ" ಎಂದರು. ಆಮೇಲೆ, "ಕಾಫಿ ಮಾಡ್ತೀಯಾ?" ಎಂದರು.

ಕಾಫಿ ಕುಡಿಯುವಾಗ ಅವರು ಅಳುತ್ತಾರೆಂದು ಕಾದೆ, ಬೈಯುತ್ತಾರೆಂದು ಕಾದೆ. ಲೋಟ ಕೆಳಗಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನಾಲ್ಕಾದ್ರೆ ನಾಲ್ಕರಲ್ಲೇ ಹೇಳ್ಕೊಡೋದು. ಅದಕ್ಕೇನಂತೆ" ಎಂದರು.

"ಬಾಗಿಲು ಹಾಕ್ಕೋತೀನಿ ಅಂದಿದ್ರಿ."

"ಅನ್ನಲ್ವೇನಮ್ಮ ಬಾಯಿಮಾತಿಗೆ? ವಯಸ್ಸಾದೋರು ಏನೇನೋ ಅಂತಾರೆ. ನೀನು ಅದನ್ನ ನಂಬ್ಕೊಂಡು ಆ ಮಗೂನ..." ಎಂದು ಅಲ್ಲಿಗೇ ನಿಲ್ಲಿಸಿದರು. ಅವರು ನನ್ನನ್ನು ಬೈದದ್ದು ಅಷ್ಟೇ. ಅವರನ್ನು ಕಾಪಾಡಲು ನಾನು ಆಡಿದ ಆಟ ಅವರಿಗೆ ಬೇಕೇ ಆಗಿರಲಿಲ್ಲ.

ಮಾರನೆಯ ದಿನ ಇಬ್ಬರೂ ಶಿಡ್ಲಘಟ್ಟಕ್ಕೆ ಬಸ್ಸು ಹತ್ತಿದೆವು. ಮಂಡಿ ನೋವಿನಲ್ಲಿ ಬಸ್ಸಿನ ಮೆಟ್ಟಿಲು ಹತ್ತಲು ಅವರಿಗೆ ತುಂಬ ಹೊತ್ತು ಹಿಡಿಯಿತು, ಕಂಡಕ್ಟರ್ ತಾಳ್ಮೆಯಿಂದ ಕಾದ. ಹುಡುಗಿಯ ಮನೆ ಸಿಕ್ಕುವ ಮೊದಲೇ ಬೇಯಿಸಿದ ಗೂಡಿನ ವಾಸನೆ ಸಿಕ್ಕಿತು. ಹಿತ್ತಲಲ್ಲಿ ನೂಲು ಬಿಚ್ಚುವ ರಾಟೆಗಳು ತಿರುಗುತ್ತಿದ್ದವು. ಅವಳ ಅಮ್ಮ ಗಾಬರಿಯಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು.

"ಬನ್ನಿ, ರಂಡಿ ಮೇಡಂ, ಕೂತ್ಕೊಳ್ಳಿ. ಏನಾಯ್ತು, ಇವ್ಳೇನಾದ್ರೂ ಮಾಡಿದ್ಲಾ?" ಎಂದರು.

"ಅವಳೇನೂ ಮಾಡಿಲ್ಲಮ್ಮ. ತಪ್ಪು ನಮ್ದು" ಎಂದರು ಮಿಸ್ಸು. ಶಾಲೆಯಿಂದ ಆಗತಾನೆ ಬಂದಿದ್ದ ಹುಡುಗಿಯನ್ನು ಎದುರಿಗೆ ನಿಲ್ಲಿಸಿಕೊಂಡು ಎಲ್ಲವನ್ನೂ ಹೇಳಿದರು. ತಮ್ಮ ದನಿ ಇಳಿದದ್ದು, ಪೆಟ್ಟಿಗೆ ಇಳಿದದ್ದು, ಚಿಂತಾಮಣಿಯಲ್ಲಿ ಹಾರ್ಮೋನಿಯಂ ಇಳಿಯದೆ ಇದ್ದದ್ದು. ನನ್ನ ಕಡೆ ಬೆರಳು ತೋರಿಸಲಿಲ್ಲ, ಎಲ್ಲಕ್ಕೂ 'ನಾವು' ಎಂದರು. "ನಿನ್ನ ಗಂಟಲಿಗೇನೂ ಆಗಿಲ್ಲ ಕಣಮ್ಮ. ದೊಡ್ಡೋರು ತಪ್ಪು ಮಾಡಿ ನಿನ್ನ ತಲೆಗೆ ಕಟ್ಟಿದ್ವಿ."

ಹುಡುಗಿ "ಪರವಾಗಿಲ್ಲ ಮಿಸ್" ಎಂದಳು.

"ಮನೇಲೂ ಹಾಡೋದು ಬಿಟ್ಬಿಟ್ಟವ್ಳೆ ಮೇಡಂ" ಎಂದರು ಅಮ್ಮ. "ಮುಂಚೆ ಪಾತ್ರೆ ತೊಳೆಯೋವಾಗೆಲ್ಲ ಹಾಡ್ತಿದ್ಲು. ಈಗ ಸುಮ್ನೆ ತೊಳೀತಾಳೆ."

"ಈಗ ಹಾಡ್ತಾಳೆ ಬಿಡಿ" ಎಂದು ಮಿಸ್ಸು ಹುಡುಗಿಯ ಕೈಯನ್ನು ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು. "ಹುಳದ ಹಾಡು ಎತ್ಕೋ. ಪೆಟ್ಟಿಗೆ ಬೇಡ, ಹಾಳೆ ಬೇಡ. ನಿಂಗೆ ಎಲ್ಲಿ ಸುಖವೋ ಅಲ್ಲಿಂದ ಶುರು ಮಾಡು. ಕೊನೇ ಎರಡು ಸಾಲು ಇನ್ಮೇಲೆ ನಿಂದೇ."

ಅವಳು ತಾಳ ಹಾಕಿಕೊಂಡು ಶುರು ಮಾಡಿದಳು. ತೀರ ತಗ್ಗಿನಲ್ಲಿ, ನಾಲ್ಕಕ್ಕಿಂತಲೂ ಕೆಳಗೆ. ಆ ಎತ್ತರದಲ್ಲಿ ಪಂಚಮ ಅವಳಿಗೆ ಏನೇನೂ ಕಷ್ಟವಿರಲಿಲ್ಲ. ಒಂದನೇ ಜ್ವರ ಎದ್ದಿತು, ಎರಡನೆಯದು ಎದ್ದಿತು. ದನಿ ಮೊದಲಿನಷ್ಟೇ ಶುದ್ಧವಾಗಿತ್ತು. ಮಿಸ್ಸಿನ ಕೈಯೂ ತಾನಾಗಿ ತಾಳ ಹಾಕತೊಡಗಿತು. ನಾಲ್ಕನೇ ಚರಣ ಮುಗಿಯಿತು, ಚಂದ್ರಿಕೆಯ ಸಾಲು ಬಂತು. ಅಲ್ಲಿ ಅವಳ ದನಿ ನಿಂತಿತು.

ದನಿ ಮಾತ್ರ ನಿಂತದ್ದು. ತುಟಿ ಆಡುತ್ತಿತ್ತು, ಕೈ ತಾಳ ಹಾಕುತ್ತಿತ್ತು. ಹಿತ್ತಲಿನ ರಾಟೆಗಳ ಸದ್ದು ಕೇಳಿಸುತ್ತಿತ್ತು. ಎರಡು ಸಾಲಿನ ಉದ್ದಕ್ಕೂ ಒಂದು ಅಕ್ಷರ ಬಿಡದೆ ತುಟಿ ಆಡಿಸಿ, ಎಲ್ಲರೂ ಸೇರಿಕೊಳ್ಳುವ ಜಾಗ ಬಂದಾಗ ಮತ್ತೆ ದನಿ ಬಿಟ್ಟು ಪಲ್ಲವಿ ಹಾಡಿ ಮುಗಿಸಿದಳು. ಮುಗಿಸಿ ಮಿಸ್ಸಿನ ಮುಖ ನೋಡಿದಳು, ಸರಿಯಾಗಿ ಬಂತಾ ಎಂದು ಕೇಳುವವಳಂತೆ. ನಡುವೆ ಏನು ಬಿಟ್ಟೆನೆಂದು ಅವಳಿಗೆ ತಿಳಿದೇ ಇರಲಿಲ್ಲ.

"ಇನ್ನೊಂದ್ಸಲ ಹಾಡಮ್ಮ, ಆ ಎರಡು ಸಾಲು ಬಾಯಿಬಿಟ್ಟು" ಎಂದರು ಮಿಸ್ಸು. ಅವಳು ಮತ್ತೆ ಹಾಡಿದಳು. ಅಲ್ಲಿಗೆ ಬಂದಾಗ ಮತ್ತೆ ಹಾಗೆಯೇ ಆಯಿತು. ಈ ಸಲ ಅವಳಿಗೂ ಗೊತ್ತಾಯಿತು. ಕತ್ತಿನ ಮೇಲೆ ಕೈಯಿಟ್ಟುಕೊಂಡು ಅಮ್ಮನ ಕಡೆ ತಿರುಗಿದಳು. ಅಮ್ಮ ಅವಳನ್ನು ಪಕ್ಕಕ್ಕೆ ಎಳೆದುಕೊಂಡರು.

ನನಗೆ ಆಗ ನಾಚಿಕೆಯಾಯಿತು. ಮುಖ, ಕಿವಿ, ಅಂಗೈ ಎಲ್ಲ ಉರಿಯುವಷ್ಟು ನಾಚಿಕೆ. ಸೂಟ್‌ಕೇಸು ಹಿಡಿದು ತವರಿಗೆ ಬಂದ ಮೇಲೆ ನನಗೆ ಸರಿಯಾಗಿ ಏನಾದರೂ ಅನ್ನಿಸಿದ್ದು ಅದೇ ಮೊದಲು. ನನ್ನ ಪಾಡಿಗೆ ನಾನು ಮರಗಟ್ಟಿ ಕೂತರೆ ಯಾರಿಗೇನು ತೊಂದರೆ ಎಂದುಕೊಂಡಿದ್ದೆ. ಅದನ್ನು ಈ ಹುಡುಗಿಗೆ ನಾನೇ ಗೆರೆ ಎಳೆದು ಕಲಿಸಿಕೊಟ್ಟಿದ್ದೆ, ಅವಳು ನನಗಿಂತ ಚೆನ್ನಾಗಿ ಕಲಿತಿದ್ದಳು. ಅವಳ ಅಮ್ಮ ಕೊಟ್ಟ ಟೀಯನ್ನು ಕುಡಿಯಲು ನನ್ನಿಂದ ಆಗಲಿಲ್ಲ.

ಆಮೇಲೂ ಅವಳು ಎರಡು ವರ್ಷ ಪಾಠಕ್ಕೆ ಬಂದಳು. ಬೇರೆ ಹಾಡುಗಳನ್ನೆಲ್ಲ ಹಾಡಿದಳು, ಜೂನಿಯರ್ ಪರೀಕ್ಷೆಯನ್ನೂ ಒಳ್ಳೆಯ ನಂಬರಿನಲ್ಲಿ ಪಾಸು ಮಾಡಿದಳು. ಹುಳದ ಹಾಡು ಬಂದಾಗಲೆಲ್ಲ ಮಿಸ್ಸು ಆ ಎರಡು ಸಾಲನ್ನು ಬೇರೆ ಯಾರಿಗೂ ಕೊಡದೆ ಅವಳ ಕಡೆ ನೋಡುತ್ತಿದ್ದರು. ಹದಿನೇಳು ಮಕ್ಕಳೂ ಸುಮ್ಮನೆ ನಿಂತು ಕಾಯುತ್ತಿದ್ದರು. ಆ ಹದಿನಾರು ಎಣಿಕೆಯ ಹೊತ್ತು ಹಾಲಿನಲ್ಲಿ ತಾಳದ ಸದ್ದೊಂದೇ ಇರುತ್ತಿತ್ತು. ನಾನು ತಲೆ ತಗ್ಗಿಸಿ ಎಣಿಸುತ್ತಿದ್ದೆ. ಎಣಿಕೆ ಮುಗಿದ ಮೇಲೆ ಎಲ್ಲರೂ ಪಲ್ಲವಿ ಎತ್ತಿಕೊಳ್ಳುತ್ತಿದ್ದರು, ಅವಳೂ ಸೇರಿ.